ಮನೆಯೇ ಮಾತು ಕಲಿತ ಕತೆ

ಮದುವೆಯಾಗಿ ಹೋದ ಹೆಣ್ಣು ಆ ಮನೆಯ ರೀತಿ ಕಲಿಯಬೇಕು. ಇದನ್ನು ನಮಗೆ ಯಾರೂ ಕೂರಿಸಿಕೊಂಡು ಪಾಠ ಹೇಳಬೇಕಾಗಿಲ್ಲ, ತಾಯಿಯ ಹಾಲಿನ ಜೊತೆಯಲ್ಲೇ ಕುಡಿದು ಬಂದಿರುತ್ತೇವೆ. ಸಾರಿಗೆ ಬೆಲ್ಲ ಹಾಕುವ ಮನೆಯಲ್ಲಿ ಬೆಳೆದವಳು ಬೆಲ್ಲ ಹಾಕದ ಮನೆ ಸೇರಿದರೆ ಬದಲಾಗುವುದು ಅವಳ ನಾಲಿಗೆಯೇ ಹೊರತು ಆ ಮನೆಯ ಸಾರಲ್ಲ. ಮೈಸೂರು ಕಡೆಯ ಹುಡುಗಿಯನ್ನು ಹುಬ್ಬಳ್ಳಿ ಕಡೆಗೆ ಕೊಟ್ಟರೆ ಮೊದಲ ವಾರ ಅವಳು 'ಚೊಂಬು' ಎಂದಾಗ ಮನೆಮಂದಿ ನಗುತ್ತಾರೆ. ಎರಡನೆಯ ವಾರಕ್ಕೆ ಅವಳು 'ತಂಬಿಗಿ' ಎನ್ನಲು ಕಲಿಯುತ್ತಾಳೆ. ಆರು ತಿಂಗಳಾದ ಮೇಲೆ ತವರಿಗೆ ಬಂದು ಅಲ್ಲಿಯೂ ತಂಬಿಗಿಯನ್ನೇ ಕೇಳಿದಾಗ ನಗುವ ಸರದಿ ತವರಿನವರದು. ಎರಡೂ ಕಡೆ ನಗೆಗೀಡಾಗುವವಳು ಅವಳೇ!

ಬಂದವಳಿಗಾಗಿ ಮನೆಯೇ ಮಾತು ಕಲಿತದ್ದನ್ನು ನಾನು ಎಲ್ಲಿಯೂ ಕಂಡಿರಲಿಲ್ಲ. ಕಡೆಗೂ ಕಂಡದ್ದು ಕಂಪ್ಯೂಟರಿನ ಚರಿತ್ರೆಯಲ್ಲಿ. ಕಂಪ್ಯೂಟರು ಎಂದ ಕೂಡಲೇ ಪುಟ ಮಗುಚಬೇಡಿ. ನಾನೂ ನಿಮ್ಮ ಹಾಗೆಯೇ ಒಗ್ಗರಣೆಯ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು ಕೂತವಳು. ಆದರೂ ಈ ಕತೆ ಹೇಳಿಯೇ ತೀರಬೇಕು. ನಮ್ಮೂರಿನ ಹೆಂಗಸರ ಹಾಡುಗಳು ಉಳಿದದ್ದು ಈ ಕತೆಯಿಂದಲೇ.

ಕಾಗದ ಬರೆಯುವ, ಲೆಕ್ಕ ಇಡುವ, ಚಿತ್ರ ತಿದ್ದುವ ಪ್ರೋಗ್ರಾಮುಗಳು ತಾವಾಗಿಯೇ ಹೆಚ್ಚೇನೂ ಮಾಡಲಾರವು. ಪರದೆಯ ಮೇಲೆ ಒಂದು ಅಕ್ಷರ ಮೂಡಿಸಬೇಕಾದರೂ, ಒಂದು ಕಡತ ತೆರೆಯಬೇಕಾದರೂ ಮನೆಯ ಯಜಮಾನಿಯನ್ನು ಕೇಳಬೇಕು. ಆ ಯಜಮಾನಿಯೇ ಆಪರೇಟಿಂಗ್ ಸಿಸ್ಟಮ್. ವಿಂಡೋಸ್ ಒಬ್ಬಳು, ಲಿನಕ್ಸ್ ಇನ್ನೊಬ್ಬಳು, ಆಪಲ್ ಕಂಪನಿಯ ಮ್ಯಾಕ್‌ನವಳು ಮತ್ತೊಬ್ಬಳು. ಎಲ್ಲರ ಅಡುಗೆಮನೆಯಲ್ಲೂ ನೀರಿದೆ, ಉಪ್ಪಿದೆ. ಕೇಳುವ ಮಾತು ಮಾತ್ರ ಬೇರೆ ಬೇರೆ. ವಿಂಡೋಸ್ ಮನೆಯಲ್ಲಿ ಹುಟ್ಟಿದ ಪ್ರೋಗ್ರಾಮು ಲಿನಕ್ಸ್ ಮನೆಗೆ ಹೋಗಿ ತನ್ನ ಮಾತಿನಲ್ಲಿ ನೀರು ಕೇಳಿದರೆ ಯಾರೂ ಕೊಡುವುದಿಲ್ಲ. ನಗುವುದೂ ಇಲ್ಲ. ಅದು ಅಲ್ಲೇ ಬಿದ್ದುಹೋಗುತ್ತದೆ.

ಈ ತೊಡಕು ಇಂದು ನಿನ್ನೆಯದಲ್ಲ. 1950ರ ದಶಕದಲ್ಲಿ ಒಂದೊಂದು ಯಂತ್ರಕ್ಕೂ ಒಂದೊಂದು ಭಾಷೆ. ಯಂತ್ರ ಬದಲಾದರೆ ಬರೆದದ್ದನ್ನೆಲ್ಲ ಮತ್ತೆ ಬರೆಯಬೇಕು. ಇದು ಸರಿಯಲ್ಲ ಎಂದು ಗಟ್ಟಿಯಾಗಿ ಹೇಳಿದವರಲ್ಲಿ ಗ್ರೇಸ್ ಹಾಪರ್ ಮುಖ್ಯಳು. 1906ರಲ್ಲಿ ಹುಟ್ಟಿ, ಯೇಲ್ ವಿಶ್ವವಿದ್ಯಾಲಯದಲ್ಲಿ ಗಣಿತದ ಡಾಕ್ಟರೇಟ್ ಪಡೆದು, ಯುದ್ಧಕಾಲದಲ್ಲಿ ಅಮೆರಿಕದ ನೌಕಾಪಡೆ ಸೇರಿದ ಹೆಂಗಸು. ಮನುಷ್ಯರು ಓದಬಲ್ಲ ಮಾತಿನಲ್ಲಿ ಪ್ರೋಗ್ರಾಮು ಬರೆಯೋಣ, ಅದನ್ನು ಆಯಾ ಯಂತ್ರದ ಭಾಷೆಗೆ ತಿರುಗಿಸುವ ಕೆಲಸವನ್ನು ಯಂತ್ರವೇ ಮಾಡಲಿ ಎಂದಳು. ಆಕೆಯ ದಾರಿಯಲ್ಲೇ 1959ರಲ್ಲಿ ಕೋಬಾಲ್ ಭಾಷೆಯ ಕೆಲಸ ಶುರುವಾಯಿತು. 1960ರ ಡಿಸೆಂಬರಿನಲ್ಲಿ ಹೆಚ್ಚುಕಡಿಮೆ ಒಂದೇ ಕೋಬಾಲ್ ಪ್ರೋಗ್ರಾಮನ್ನು ಎರಡು ಬೇರೆ ಬೇರೆ ಕಂಪನಿಗಳ ಯಂತ್ರಗಳ ಮೇಲೆ ಓಡಿಸಿ ತೋರಿಸಿದರು. ಕಂಪ್ಯೂಟರೆಂದರೆ ಗಂಡಸರ ಕೆಲಸ ಎನ್ನುವವರು ಎದುರಾದರೆ ಈ ಹೆಸರು ನೆನಪಿರಲಿ.

ಆದರೆ ಹಾಪರಳ ದಾರಿ ಹೊಸದಾಗಿ ಬರೆಯುವವರಿಗೆ. ಹಳೆಯ ಯಂತ್ರದ ಭಾಷೆಯಲ್ಲೇ ಈಗಾಗಲೇ ಬರೆದುಬಿಟ್ಟಿದ್ದರೆ? ಬರೆದವನು ಕೆಲಸ ಬಿಟ್ಟುಹೋಗಿದ್ದರೆ? ಐಬಿಎಂ ಕಂಪನಿ 1959ರಲ್ಲಿ 1401 ಎಂಬ ಯಂತ್ರವನ್ನು ಹೊರತಂದಿತ್ತು. ಆ ಕಾಲದಲ್ಲಿ ಅದು 10,000ಕ್ಕೂ ಹೆಚ್ಚು ತಯಾರಾಯಿತು ಎಂದರೆ ಊಹಿಸಿಕೊಳ್ಳಿ. ಅಷ್ಟೂ ಕಚೇರಿಗಳ ಸಂಬಳದ ಲೆಕ್ಕ, ದಾಸ್ತಾನಿನ ಲೆಕ್ಕ, ಗಿರಾಕಿಗಳ ಲೆಕ್ಕ ಅದರ ಭಾಷೆಯಲ್ಲಿ. 1963ರ ಡಿಸೆಂಬರಿನಲ್ಲಿ ಹನಿವೆಲ್ ಎಂಬ ಎದುರಾಳಿ ಕಂಪನಿ ಒಂದು ಹೊಸ ಯಂತ್ರ ತಂದಿತು. ಅದರ ಜೊತೆಗೊಂದು ಪ್ರೋಗ್ರಾಮು, ಹೆಸರು 'ಲಿಬರೇಟರ್'. ಅಂದರೆ ಬಿಡುಗಡೆ ಮಾಡುವವನು! ನಿಮ್ಮ 1401ರ ಪ್ರೋಗ್ರಾಮುಗಳನ್ನು ತನ್ನಿ, ನಮ್ಮ ಯಂತ್ರಕ್ಕೆ ಒಗ್ಗಿಸಿಕೊಡುತ್ತೇವೆ ಎಂಬ ಮಾತು. ಕೆಲವೇ ದಿನಗಳಲ್ಲಿ ನೂರಾರು ಬೇಡಿಕೆಗಳು ಬಂದವು.

ಐಬಿಎಂನವರ ಎದೆ ಒಡೆಯಿತು. ಅವರೇ ಕೋಟಿಗಟ್ಟಲೆ ಹಣ ಸುರಿದು ಸಿಸ್ಟಮ್/360 ಎಂಬ ಹೊಸ ಯಂತ್ರಗಳ ಸಾಲನ್ನು ಸಿದ್ಧಪಡಿಸುತ್ತಿದ್ದರು. ಅದಕ್ಕೂ ಹಳೆಯ 1401ಕ್ಕೂ ಮಾತು ಹೊಂದದು. ಹಳೆಯ ಗಿರಾಕಿ ಎಲ್ಲವನ್ನೂ ಮತ್ತೆ ಬರೆಯಬೇಕಾದರೆ ಯಾರ ಯಂತ್ರಕ್ಕಾದರೂ ಬರೆದಾನು, ಐಬಿಎಂನದಕ್ಕೇ ಏಕೆ ಬರೆಯಬೇಕು? ಆಗ ಅವರ ಎಂಜಿನಿಯರುಗಳು ಹೊಸ ಯಂತ್ರದ ಹೊಟ್ಟೆಯೊಳಗಿನ ಅತಿಸೂಕ್ಷ್ಮ ಆದೇಶಗಳನ್ನೇ ಹೆಚ್ಚಿಸಿ, ಬೇಕೆಂದಾಗ ಅದು 1401ರಂತೆಯೇ ನಡೆದುಕೊಳ್ಳುವ ಹಾಗೆ ಮಾಡಿದರು. ಇದಕ್ಕೆ 'ಎಮ್ಯುಲೇಟರ್' ಎಂದು ಹೆಸರಿಟ್ಟವನು ಅವರಲ್ಲೇ ಒಬ್ಬ, ಲ್ಯಾರಿ ಮಾಸ್. 1964ರ ಏಪ್ರಿಲ್ 7ರಂದು ಸಿಸ್ಟಮ್/360 ಪ್ರಕಟವಾಯಿತು. ಹಳೆಯ ಪ್ರೋಗ್ರಾಮುಗಳು ಅದರಲ್ಲಿ ತಮ್ಮ ಸ್ವಂತ ಮನೆಯಲ್ಲಿದ್ದಾಗಿಗಿಂತ ಚುರುಕಾಗಿ ಓಡಿದವು. ತಾವು ಮನೆ ಬದಲಾಯಿಸಿದ್ದೇವೆ ಎಂಬುದು ಅವಕ್ಕೆ ಗೊತ್ತೇ ಆಗಲಿಲ್ಲ. ಎಷ್ಟೋ ಕಚೇರಿಗಳು ಮುಂದಿನ ದಶಕದಲ್ಲೂ ಹಾಗೆಯೇ ಸಂಸಾರ ಸಾಗಿಸಿದವು. ಇದು ದಯೆಯಿಂದ ನಡೆದದ್ದಲ್ಲ, ವ್ಯಾಪಾರದ ಭಯದಿಂದ ನಡೆದದ್ದು. ಇರಲಿ. ಸೊಸೆಯ ಮೇಲಿನ ಮಮತೆಗಿಂತ ಸೊಸೆ ಬಿಟ್ಟುಹೋದಾಳೆಂಬ ಭಯಕ್ಕೇ ಬದಲಾದ ಮನೆಗಳು ನಮ್ಮಲ್ಲಿಯೂ ಇವೆಯಲ್ಲ.

ದಯೆ ಎನ್ನಲಾಗದಿದ್ದರೂ ಹಟ ಎನ್ನಬಹುದಾದ ಕತೆ ಮೂವತ್ತು ವರ್ಷಗಳ ನಂತರದ್ದು. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಲಿನಸ್ ಟೋರ್ವಾಲ್ಡ್ಸ್ ಎಂಬ ಇಪ್ಪತ್ತೊಂದರ ವಿದ್ಯಾರ್ಥಿ ಬರೆಯಲು ಶುರುಮಾಡಿದ ಲಿನಕ್ಸ್ ಎಲ್ಲರಿಗೂ ಪುಕ್ಕಟೆ ಸಿಗುತ್ತಿತ್ತು. ಆದರೆ ಜನರ ಕೆಲಸವೆಲ್ಲ ವಿಂಡೋಸಿನಲ್ಲಿ. 1993ರಲ್ಲಿ ಬಾಬ್ ಆಮ್‌ಸ್ಟಾಟ್ ಮತ್ತು ಎರಿಕ್ ಯಂಗ್‌ಡೇಲ್ ಎಂಬಿಬ್ಬರು, ವಿಂಡೋಸಿನ ಪ್ರೋಗ್ರಾಮುಗಳು ಲಿನಕ್ಸಿನಲ್ಲಿ ಓಡುವಂತೆ ಮಾಡೋಣ ಎಂದು ಹೊರಟರು. ಹೆಸರು 'ವೈನ್'. ಕುಡಿಯುವ ವೈನಲ್ಲ, ಹೆದರಬೇಡಿ. 'ವೈನ್ ಎಮ್ಯುಲೇಟರ್ ಅಲ್ಲ' ಎಂಬ ಇಂಗ್ಲಿಷ್ ವಾಕ್ಯದ ಮೊದಲಕ್ಷರಗಳನ್ನು ಪೋಣಿಸಿದರೆ ಮತ್ತೆ 'ವೈನ್' ಎಂದೇ ಬರುತ್ತದೆ. ತನ್ನ ಹೆಸರಿನೊಳಗೆ ತನ್ನ ಹೆಸರನ್ನೇ ಇಟ್ಟುಕೊಂಡ ಒಗಟು, ಹುಡುಗಾಟಿಕೆ. 1994ರಿಂದ ಇದರ ಹೊಣೆ ಹೊತ್ತವನು ಅಲೆಕ್ಸಾಂಡ್ರ್ ಜುಲಿಯಾರ್ ಎಂಬ ಸ್ವಿಟ್ಜರ್ಲೆಂಡಿನವನು.

ಎಮ್ಯುಲೇಟರ್ ಅಲ್ಲ ಎಂದು ಅವರು ಪಟ್ಟು ಹಿಡಿದು ಹೇಳುವುದಕ್ಕೆ ಕಾರಣವಿದೆ. ಎಮ್ಯುಲೇಟರ್ ಎಂದರೆ ನಮ್ಮ ಮನೆಯ ನಡುಮನೆಯಲ್ಲಿ ಇನ್ನೊಂದು ಅಡುಗೆಮನೆಯನ್ನೇ ಕಟ್ಟಿದಂತೆ. ಅದೇ ಒಲೆ, ಅದೇ ಪಾತ್ರೆ, ಅದೇ ಹೊಗೆ. ಬಂದವಳು ತನ್ನೂರಲ್ಲೇ ಇದ್ದೇನೆ ಎಂದುಕೊಳ್ಳುತ್ತಾಳೆ, ಆದರೆ ಖರ್ಚು ಬಹಳ, ಕೆಲಸ ನಿಧಾನ. ವೈನ್ ಹಾಗಲ್ಲ. ಅಡುಗೆಮನೆಯ ಬಾಗಿಲಲ್ಲಿ ಎರಡೂ ಕಡೆಯ ಮಾತು ಬಲ್ಲ ಒಬ್ಬಳು ನಿಂತಿದ್ದಾಳೆ ಎಂದುಕೊಳ್ಳಿ. ಒಳಗಿನಿಂದ 'ತಂಬಿಗಿ' ಎಂಬ ಕೂಗು ಬಂದರೆ ಅವಳು ಚೊಂಬನ್ನು ಎತ್ತಿ ಕೊಡುತ್ತಾಳೆ. ವಿಂಡೋಸ್ ಓಡುವ ಸಾಮಾನ್ಯ ಕಂಪ್ಯೂಟರು, ಲಿನಕ್ಸ್ ಓಡುವ ಸಾಮಾನ್ಯ ಕಂಪ್ಯೂಟರು, ಎರಡರ ಒಳಗಿನ ಚಿಪ್ಪೂ ಒಂದೇ ಬಗೆಯದು. ಕೂಡುವುದು ಕಳೆಯುವುದಕ್ಕೆ ತರ್ಜುಮೆ ಬೇಡ. ಪ್ರೋಗ್ರಾಮು ಏನಾದರೂ ಬೇಕೆಂದು ಕೇಳಿದಾಗ ಮಾತ್ರ ಬಾಗಿಲಲ್ಲಿ ನಿಂತವಳ ಕೆಲಸ.

ಕೇಳಲು ಎಷ್ಟು ಸುಲಭ! ಆದರೆ ವಿಂಡೋಸಿನ ಕೋರಿಕೆಗಳು ಸಾವಿರಾರು. ಒಂದೊಂದಕ್ಕೂ ಉತ್ತರ ಬರೆಯಬೇಕು, ಅದೂ ಮೈಕ್ರೋಸಾಫ್ಟ್ ಬರೆದದ್ದನ್ನು ಇಣುಕಿ ನೋಡದೆ. ನೋಡಿ ಬರೆದರೆ ಕಳವು. ಕಂಪನಿಯೇ ಪ್ರಕಟಿಸಿದ ಕೈಪಿಡಿ ಓದಿ, ಹೀಗೆ ಕೇಳಿದರೆ ವಿಂಡೋಸ್ ಹೇಗೆ ಉತ್ತರಿಸುತ್ತದೆ ಎಂದು ಹೊರಗಿನಿಂದ ಪರೀಕ್ಷಿಸಿ ಬರೆಯಬೇಕು. ಪಕ್ಕದ ಮನೆಯ ಹುಳಿಪುಡಿಯ ಅಳತೆ ಕೇಳದೆ, ಬರೀ ರುಚಿ ನೋಡಿ ಅದೇ ಹುಳಿ ಮಾಡುವಂಥ ಕೆಲಸ. ಮಾಡಿದವರಿಗೆ ಗೊತ್ತು ಆ ಕಷ್ಟ.

ಇನ್ನೂ ಒಂದು ತಮಾಷೆಯಿದೆ. ನಮ್ಮ ಮನೆಯ ಗೋಡೆ ಗಡಿಯಾರವನ್ನು ನಮ್ಮತ್ತೆಯವರು ಯಾವಾಗಲೂ ಹತ್ತು ನಿಮಿಷ ಮುಂದಿಟ್ಟಿರುತ್ತಿದ್ದರು. ಶಾಲೆ, ಬಸ್ಸು, ಹಾಲಿನವನ ಲೆಕ್ಕ ಎಲ್ಲಕ್ಕೂ ಮನೆಮಂದಿ ಹತ್ತು ನಿಮಿಷ ಕಳೆದೇ ನೋಡುತ್ತಿದ್ದೆವು. ಅದನ್ನು ಯಾರಾದರೂ ಸರಿಮಾಡಿಟ್ಟಿದ್ದರೆ ಎಲ್ಲರಿಗೂ ಬಸ್ಸು ತಪ್ಪುತ್ತಿತ್ತು. ಪ್ರೋಗ್ರಾಮುಗಳೂ ಹಾಗೆಯೇ. ವಿಂಡೋಸಿನ ತಪ್ಪುಗಳನ್ನೇ ನಂಬಿ ನಡೆಯುವಂಥವು ಎಷ್ಟೋ. ಆದ್ದರಿಂದ ವೈನ್ ಬರೆಯುವವರು ವಿಂಡೋಸಿನ ಸರಿಯನ್ನಷ್ಟೇ ಅಲ್ಲ, ತಪ್ಪನ್ನೂ ತಪ್ಪದೆ ಅನುಕರಿಸಬೇಕು. ಮೈಕ್ರೋಸಾಫ್ಟ್‌ನವರದೂ ಇದೇ ಪಾಡು. 1995ರ ವಿಂಡೋಸಿನಲ್ಲಿ ಸಿಮ್‌ಸಿಟಿ ಎಂಬ ಹಳೆಯ ಆಟ ಬಿದ್ದುಹೋಗುತ್ತಿತ್ತು. ತಾನು ಖಾಲಿ ಮಾಡಿಕೊಟ್ಟ ಜಾಗಕ್ಕೇ ಅದು ಮತ್ತೆ ಕೈ ಹಾಕುತ್ತಿತ್ತಂತೆ. ಆ ಆಟ ಓಡುತ್ತಿರುವಾಗ ಮಾತ್ರ ಜಾಗವನ್ನು ಕೂಡಲೇ ಕಿತ್ತುಕೊಳ್ಳಬಾರದು ಎಂದು ವಿಂಡೋಸಿನಲ್ಲೇ ಬರೆದಿಟ್ಟರು ಎಂದು ಅಲ್ಲಿ ಕೆಲಸ ಮಾಡಿದ್ದ ಜೋಯಲ್ ಸ್ಪೋಲ್‌ಸ್ಕಿ ಬರೆದಿದ್ದಾನೆ.

ಹಟ ಎಂದೆನಲ್ಲ, ಅದರ ಅಳತೆ ಹೀಗಿದೆ: 1993ರಲ್ಲಿ ಶುರುವಾದ ವೈನ್ 'ಒಂದನೆಯ ಆವೃತ್ತಿ' ಎಂದು ಹೇಳಿಕೊಂಡು ಹೊರಬಂದದ್ದು 2008ರ ಜೂನ್ 17ರಂದು. ಹದಿನೈದು ವರ್ಷ! ಶುರುವಿನ ದಿನಗಳಲ್ಲಿ ಓಡಿದ್ದರಲ್ಲಿ ಸಾಲಿಟೇರ್ ಎಂಬ ಇಸ್ಪೀಟಿನ ಆಟವೂ ಒಂದು. ಒಬ್ಬರೇ ಕೂತು ಆಡುವ ಆ ಆಟದಿಂದ ಹಿಡಿದು ಮುಂದೆ ಫೋಟೋ ತಿದ್ದುವ ದೊಡ್ಡ ಪ್ರೋಗ್ರಾಮಿನವರೆಗೆ ಒಂದೊಂದನ್ನೇ ಒಲಿಸಿಕೊಳ್ಳುತ್ತ ಬಂದರು. ಜಗತ್ತಿನ ನಾನಾ ಕಡೆಯವರು, ಬಹಳ ಮಂದಿ ಸಂಬಳವಿಲ್ಲದೆ, ರಾತ್ರಿ ಊಟವಾದ ಮೇಲೆ ಮಾಡಿದ ಕೆಲಸ ಇದು. ಯಾರೂ ನೋಡದ, ಹೊಗಳದ, ಮುಗಿಯಿತು ಎನ್ನುವಂತಿಲ್ಲದ ಕೆಲಸ. ಅದರ ರುಚಿ ನಮಗೆ ಗೊತ್ತಿಲ್ಲವೆ?

ಮನೆ ಹೀಗೆ ಮಾತು ಕಲಿಯುವುದು ಯಾವಾಗಲೂ ಮನೆಗೆ ಒಳ್ಳೆಯದೇ ಎಂದಲ್ಲ. 1992ರಲ್ಲಿ ಐಬಿಎಂನವರು ಓಎಸ್/2 ಎಂಬ ತಮ್ಮ ಆಪರೇಟಿಂಗ್ ಸಿಸ್ಟಮ್ಮಿನ ಎರಡನೆಯ ಆವೃತ್ತಿ ತಂದು, ವಿಂಡೋಸಿನ ಪ್ರೋಗ್ರಾಮುಗಳು ಇಲ್ಲಿ ವಿಂಡೋಸಿಗಿಂತ ಚೆನ್ನಾಗಿ ಓಡುತ್ತವೆ ಎಂದು ಸಾರಿದರು. ಅದು ಸುಳ್ಳೇನಲ್ಲ. ಆದರೆ ಪ್ರೋಗ್ರಾಮು ಬರೆಯುವವರು ಏನೆಂದುಕೊಂಡರು? ವಿಂಡೋಸಿಗೆ ಬರೆದರೆ ಎರಡೂ ಕಡೆ ನಡೆಯುವುದಾದರೆ ಓಎಸ್/2ಕ್ಕೆಂದೇ ಏಕೆ ಬರೆಯಬೇಕು? ನೆಂಟರ ಮಾತನ್ನು ಚೆನ್ನಾಗಿ ಕಲಿತು ತನ್ನ ಮಾತನ್ನೇ ಕಳೆದುಕೊಂಡ ಮನೆ ಅದು. ಕಡೆಗೆ ಅದು ಎದ್ದು ನಿಲ್ಲಲಿಲ್ಲ. ಇದಕ್ಕೆ ಬೇರೆ ಕಾರಣಗಳೂ ಇದ್ದವು. ಆದರೂ ಲಿನಕ್ಸಿನವರಲ್ಲೇ ಕೆಲವರು ವೈನನ್ನು ಕಂಡರೆ ಮುಖ ಸಿಂಡರಿಸುವುದು ಈ ನೆನಪಿನಿಂದಲೇ ಇರಬೇಕು. ಅವರ ಮಾತಿನಲ್ಲಿ ಹುರುಳಿದೆ. ಆದರೆ ಹಳೆಯದನ್ನು ಉಳಿಸಿಕೊಳ್ಳಬೇಕಾದವರ ಕಷ್ಟ ಅವರಿಗೆ ತಿಳಿಯದು.

ನಮ್ಮ ಕಷ್ಟ ಹೇಳುತ್ತೇನೆ. 1996ರಲ್ಲಿ ನಮ್ಮೂರಿನ ಮಹಿಳಾ ಮಂಡಳಿಯ ಐದು ಜನ ಸೇರಿ ಹಳೆಯ ಹಾಡುಗಳನ್ನು ಕೂಡಿಹಾಕಲು ಹೊರಟೆವು. ಹಸೆಗೆ ಕರೆಯುವ ಹಾಡು, ಆರತಿ ಹಾಡು, ಬೀಸುವ ಹಾಡು, ಎಣ್ಣೆ ಶಾಸ್ತ್ರದ ಹಾಡು. ನಮ್ಮತ್ತೆಯವರೊಬ್ಬರೇ ಮೂವತ್ತಕ್ಕೂ ಮಿಕ್ಕಿ ಹೇಳಿದರು. ಎರಡು ವರ್ಷ ಮನೆ ಮನೆ ಸುತ್ತಿ 112 ಹಾಡು ಬರೆದುಕೊಂಡೆವು. ಬಸ್ ಸ್ಟ್ಯಾಂಡಿನ ಹಿಂದೆ ಡಿಟಿಪಿ ಅಂಗಡಿ ಇಟ್ಟಿದ್ದ ಹುಡುಗಿಯೊಬ್ಬಳು ಅವನ್ನೆಲ್ಲ ಅಕ್ಷರ ಜೋಡಿಸಿಕೊಟ್ಟಳು. ಅಚ್ಚು ಹಾಕುತ್ತೇನೆಂದು ಒಪ್ಪಿದ್ದ ಪ್ರಕಾಶಕರೊಬ್ಬರು ಮೂರು ವರ್ಷ ಸತಾಯಿಸಿ, ಕಡೆಗೆ 'ಹೆಂಗಸರ ಹಾಡು ಯಾರು ಕೊಳ್ಳುತ್ತಾರಮ್ಮ' ಎಂದರು. ಕೈಬರಹದ ನೋಟುಬುಕ್ಕುಗಳು ಅಟ್ಟದ ಮೇಲೆ ಗೆದ್ದಲಿನ ಪಾಲಾದವು. ಹುಡುಗಿ ಅಂಗಡಿ ಮುಚ್ಚುವಾಗ ಆ ಕಂಪ್ಯೂಟರನ್ನು ಮಂಡಳಿಗೇ ಮಾರಿದಳು. ಅದೂ ಕೆಲವು ವರ್ಷ ನಡೆದು ಒಂದು ಮಳೆಗಾಲದಲ್ಲಿ ಕಣ್ಣು ಮುಚ್ಚಿತು. ಅಷ್ಟರಲ್ಲಿ ಹಾಡಿದವರಲ್ಲಿ ಹೆಚ್ಚಿನವರೂ ಹೊರಟುಹೋಗಿದ್ದರು, ನಮ್ಮತ್ತೆಯವರೂ ಸೇರಿ.

ಆ ಕಾಲದ ಕನ್ನಡದ ಸ್ಥಿತಿಯನ್ನು ಇಲ್ಲಿ ಸ್ವಲ್ಪ ಹೇಳಬೇಕು. ಜಗತ್ತಿನ ಲಿಪಿಗಳಿಗೆಲ್ಲ ಒಂದೊಂದು ಖಾಯಂ ಸಂಖ್ಯೆ ಕೊಡುವ ಯೂನಿಕೋಡ್ 1991ರಲ್ಲಿ ಹೊರಬಂದಾಗಲೇ ಅದರಲ್ಲಿ ಕನ್ನಡವಿತ್ತು. ಆದರೆ ಅದು ನಮ್ಮ ಮನೆಗಳಿಗೆ ತಲುಪಲು ಬಹಳ ಕಾಲ ಬೇಕಾಯಿತು. ವಿಂಡೋಸಿಗೆ ಕನ್ನಡ ಬಂದದ್ದು 2001ರ ಎಕ್ಸ್‌ಪಿಯಲ್ಲಿ, 'ತುಂಗಾ' ಎಂಬ ಅಕ್ಷರದ ಜೊತೆ. ಅಲ್ಲಿಯವರೆಗೆ ಒಬ್ಬೊಬ್ಬರ ತಂತ್ರಾಂಶಕ್ಕೂ ಒಂದೊಂದು ಗುಟ್ಟಿನ ಸಂಖ್ಯೆ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿ ಕೆಲಸ ನಡೆಸುತ್ತಿದ್ದರು. ಕೆ.ಪಿ. ರಾವ್ ಅವರ ಕೀಲಿಮಣೆಯ ವಿನ್ಯಾಸ, ಶೇಷಾದ್ರಿವಾಸು ಅವರ 1998ರ 'ಬರಹ', ಕನ್ನಡ ಗಣಕ ಪರಿಷತ್ತಿನ 'ನುಡಿ' ಇವೆಲ್ಲ ನಮ್ಮ ಪಾಲಿಗೆ ದೊಡ್ಡ ಉಪಕಾರಗಳು. ನಮ್ಮ ಹಾಡುಗಳಿದ್ದದ್ದು ಇವಾವುದರಲ್ಲೂ ಅಲ್ಲ, ಅವಕ್ಕಿಂತ ಹಿಂದಿನ, ವಿಂಡೋಸ್ 3.1ರ ಕಾಲದ ಒಂದು ಪ್ರೋಗ್ರಾಮಿನಲ್ಲಿ. ಅದನ್ನು ಬಿಟ್ಟು ಬೇರೆ ಯಾವುದರಲ್ಲಿ ತೆರೆದರೂ ಕಾಣುವುದು ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ.

ನನ್ನ ಭಾವನ ಮಗ ಬೆಂಗಳೂರಿನಲ್ಲಿ ಕಂಪ್ಯೂಟರಿನದೇ ಕೆಲಸದಲ್ಲಿದ್ದಾನೆ. ಹಬ್ಬಕ್ಕೆ ಬಂದಾಗ ಸತ್ತ ಕಂಪ್ಯೂಟರಿನ ಡಿಸ್ಕನ್ನು ಬಿಚ್ಚಿ, ಅದರಲ್ಲಿದ್ದದ್ದನ್ನೆಲ್ಲ ನಮ್ಮ ಹೊಸ ಕಂಪ್ಯೂಟರಿಗೆ ಇಳಿಸಿದ. ಪ್ರೋಗ್ರಾಮು ಸಿಕ್ಕಿತು, ಹಾಡಿನ ಕಡತಗಳೂ ಸಿಕ್ಕವು. ಒತ್ತಿದರೆ, ಈ ಪ್ರೋಗ್ರಾಮು ಇಲ್ಲಿ ಓಡುವುದಿಲ್ಲ ಎಂದಿತು ವಿಂಡೋಸು.

'ಏನೋ ಇದು, ವಿಂಡೋಸಿಗೆಂದೇ ಮಾಡಿದ್ದಲ್ಲವೇನೋ?' ಎಂದೆ.

'ಹೌದು ಚಿಕ್ಕಮ್ಮ. ಆದರೆ ಅದು 16 ಬಿಟ್‌ನದು. ಸೇರು ಪಾವಿನ ಕಾಲದ್ದು ಅಂದುಕೊಳ್ಳಿ. ಈಗಿನ 64 ಬಿಟ್ ವಿಂಡೋಸು ಆ ಅಳತೇನ ಕೈಬಿಟ್ಟಿದೆ.'

2021ರಲ್ಲಿ ಬಂದ ವಿಂಡೋಸ್ 11 ಅಂತೂ 64 ಬಿಟ್‌ನಲ್ಲಿ ಮಾತ್ರ ಸಿಗುವುದಂತೆ. ಹುಟ್ಟಿದ ಮನೆಯೇ 'ನೀನು ಯಾರೋ ಗೊತ್ತಿಲ್ಲ' ಎಂದು ಬಾಗಿಲು ಹಾಕಿಕೊಂಡಿತು. ಹುಡುಗ ತನ್ನ ಬ್ಯಾಗಿನಿಂದ ಲ್ಯಾಪ್‌ಟಾಪು ತೆಗೆದ. ಅದರಲ್ಲಿದ್ದದ್ದು ಲಿನಕ್ಸ್, ಮೇಲೆ ವೈನ್. ಲಿನಕ್ಸಿನ ಮೇಲಿನ ವೈನ್ 16 ಬಿಟ್‌ನ ಪ್ರೋಗ್ರಾಮುಗಳನ್ನೂ ಓಡಿಸುತ್ತದೆ. ಯಾರಿಗಾದರೂ ಬೇಕಾದೀತು ಎಂದು ಅವರು ಆ ಹಳೆಯ ಮಾತನ್ನು ಮರೆತಿಲ್ಲ. ಎರಡು ಸಲ ಬಿದ್ದುಹೋಯಿತು. ಅವನು ಏನೇನೋ ತಿರುವಿದ. ಮೂರನೆಯ ಸಲ ಬೂದುಬಣ್ಣದ ಆ ಹಳೆಯ ಕಿಟಕಿ ತೆರೆದುಕೊಂಡಿತು, ಡಿಟಿಪಿ ಅಂಗಡಿಯಲ್ಲಿ ಕಂಡಿದ್ದ ಹಾಗೆಯೇ. ಕಡತ ಒತ್ತಿದ. ಮೊದಲ ಸಾಲಿನಲ್ಲಿ ಹಾಡಿದವರ ಹೆಸರು ಹಾಕಿಸಿದ್ದೆವಲ್ಲ, ಅಲ್ಲಿ ನಮ್ಮತ್ತೆಯವರ ಹೆಸರಿತ್ತು. ನಾನು ಕಾಫಿ ತರುತ್ತೇನೆ ಎಂದು ಒಳಗೆ ಎದ್ದುಹೋದೆ. ಹಾಲು ಕಾಯಲು ಆ ದಿನ ಸ್ವಲ್ಪ ಹೆಚ್ಚು ಹೊತ್ತು ಹಿಡಿಯಿತು.

ಹಳೆಯ ಹಗೆತನವೂ ಈಗ ಸಡಿಲಾಗಿದೆ ಎಂದು ಹುಡುಗ ಹೇಳಿದ. 2001ರಲ್ಲಿ ಮೈಕ್ರೋಸಾಫ್ಟ್‌ನ ಮುಖ್ಯಸ್ಥ ಸ್ಟೀವ್ ಬಾಲ್ಮರ್ ಲಿನಕ್ಸನ್ನು ಕ್ಯಾನ್ಸರಿಗೆ ಹೋಲಿಸಿದ್ದ. 2016ರಲ್ಲಿ ಅದೇ ಕಂಪನಿ ಲಿನಕ್ಸಿನ ಪ್ರೋಗ್ರಾಮುಗಳು ವಿಂಡೋಸಿನಲ್ಲಿ ಓಡುವ ಏರ್ಪಾಡು ಮಾಡಿತು. 2024ರಲ್ಲಿ ಮೋನೋ ಎಂಬ ಒಂದು ಯೋಜನೆಯನ್ನು ವೈನ್‌ನವರ ಕೈಗೇ ಒಪ್ಪಿಸಿತು. 2018ರಲ್ಲಿ ವಾಲ್ವ್ ಎಂಬ ಆಟದ ಕಂಪನಿ ವೈನ್ ಮೇಲೆಯೇ ಪ್ರೋಟಾನ್ ಎಂಬುದನ್ನು ಕಟ್ಟಿ ವಿಂಡೋಸಿನ ಸಾವಿರಾರು ಆಟಗಳನ್ನು ಲಿನಕ್ಸಿಗೆ ತಂದದ್ದರಿಂದ ಈಗ ಈ ಕೆಲಸಕ್ಕೆ ಹಣವೂ ಹರಿಯುತ್ತಿದೆಯಂತೆ. ಬೀಸುವ ಹಾಡು ಉಳಿಯಲು ಹುಡುಗರ ಗುಂಡು ಹಾರಿಸುವ ಆಟಗಳೂ ನೆರವಾಗುತ್ತವೆ ಎಂದರೆ ಲೋಕ ವಿಚಿತ್ರವೇ!

ಕೆಲಸ ಅಲ್ಲಿಗೇ ಮುಗಿಯಲಿಲ್ಲ. ಹಳೆಯ ಪ್ರೋಗ್ರಾಮನ್ನು ಎಷ್ಟು ದಿನವೆಂದು ಹೀಗೆ ಓಡಿಸುವುದು? ಯಾವ ಸಂಖ್ಯೆಗೆ ಯಾವ ಅಕ್ಷರ ಎಂಬುದನ್ನು ತೆರೆದ ಕಿಟಕಿಯಲ್ಲಿ ನೋಡಿ ನೋಡಿ ಹುಡುಗ ಒಂದು ಪಟ್ಟಿ ಮಾಡಿದ. ಅದರಿಂದ ಹಾಡುಗಳನ್ನೆಲ್ಲ ಯೂನಿಕೋಡಿಗೆ ತಿರುಗಿಸಿದ. ಬಹುಪಾಲು ಸರಿಯಾಗಿ ಬಂತು. ಕೆಟ್ಟದ್ದು ಅರ್ಕಾವತ್ತು. ಹಳೆಯ ಅಕ್ಷರದಲ್ಲಿ ಅದನ್ನು ಕಣ್ಣಿಗೆ ಕಾಣುವಂತೆ ಅಕ್ಷರದ ಹಿಂದೆ ಇಡುತ್ತಿದ್ದರು, ಯೂನಿಕೋಡಿನಲ್ಲಿ ಬಾಯಲ್ಲಿ ಹೇಳುವಂತೆ ಮುಂದೆ ಬರಬೇಕು. ಹಾಗಾಗಿ ಆರತಿ ಹಾಡುಗಳಲ್ಲಿ ಕರ್ಪೂರದ ಅರ್ಕಾವತ್ತು ಕಳಚಿಕೊಂಡು ಪಕ್ಕದ ಅಕ್ಷರಕ್ಕೆ ಅಂಟಿತ್ತು. ಕೆಲವು ಒತ್ತಕ್ಷರಗಳೂ ಅದಲುಬದಲಾಗಿದ್ದವು. ಇದನ್ನು ಹುಡುಗ ಸರಿಮಾಡಲಾರ, ಹಾಡು ಗೊತ್ತಿದ್ದವರೇ ಕೂರಬೇಕು. ಮಂಡಳಿಯಲ್ಲಿ ಉಳಿದಿರುವ ನಾವು ಮೂವರು ಮಂಗಳವಾರ ಮಂಗಳವಾರ ಸೇರುತ್ತೇವೆ. ಒಬ್ಬರು ಪರದೆ ನೋಡಿ ಓದುವುದು, ಇನ್ನೊಬ್ಬರು ಧಾಟಿ ಹಿಡಿದು ಹಾಡಿ ನೋಡುವುದು, ನಾನು ತಿದ್ದುವುದು. ಇದುವರೆಗೆ 67 ಆಗಿವೆ. ಅರುವತ್ತೆಂಟನೆಯದು ಒಂದು ಎಣ್ಣೆ ಶಾಸ್ತ್ರದ ಹಾಡು, ಅದರ ನಡುವೆ ಒಂದು ಪದ ನಮ್ಮ ಮೂವರಿಗೂ ಹತ್ತುತ್ತಿಲ್ಲ. ಸಾಗರದ ಕಡೆಯ ಹಳ್ಳಿಯಲ್ಲಿ ಅದನ್ನು ಬಲ್ಲ ಅಜ್ಜಿಯೊಬ್ಬರಿದ್ದಾರೆ, ತೊಂಬತ್ತರ ಮೇಲಾಗಿದೆ, ಫೋನಿನಲ್ಲಿ ಕಿವಿ ಕೇಳುವುದಿಲ್ಲ. ಬರುವ ಭಾನುವಾರ ಬೆಳಗಿನ ಬಸ್ಸಿಗೆ ಹೋಗಿಬರಬೇಕು.